ಬುಗುರಿಮೊಳೆ

ಇಪ್ಪತ್ತೆರಡು ವರ್ಷದಿಂದ ಕೆಂಪು ಪುಡಿ ತೂಗುತ್ತಿದ್ದೇನೆ
ಸಂಡೂರಿನ ಗುಡ್ಡದ ಬುಡದಲ್ಲಿ, ತಗಡು ಹೊದಿಸಿದ ಲ್ಯಾಬಿನಲ್ಲಿ.
ಲಾರಿಗೊಂದು ಚೀಲ, ಚೀಲಕ್ಕೊಂದು ಚೀಟಿ,
ಚೀಟಿಗೊಂದು ಅಂಕಿ: ಅರವತ್ತೆರಡು ಪಾಯಿಂಟ್ ನಾಲ್ಕು.
ಅದಕ್ಕಿಂತ ಇಳಿದರೆ ಫೋನು ಬರುತ್ತದೆ.

ಮೊನ್ನೆ ಕಾಲೇಜಿಗೆ ಬಂದಿದ್ದಳು ಸುಂಕ್ಲಮ್ಮ,
ಕುಡತಿನಿಯ ಹುಡುಗಿ, ಈಗ ರೇಡಿಯೊ ದೂರದರ್ಶಕದವಳು.
ರಜೆ ಹಾಕಿ ಹೋಗಿ ಕೊನೇ ಬೆಂಚಿನಲ್ಲಿ ಕೂತೆ.
ಪರದೆಯ ಮೇಲೊಂದು ಗೆರೆ,
ಉದ್ದಕ್ಕೂ ತರಿತರಿ, ಕಟಕ್ ರೊಟ್ಟಿ ಮುರಿದ ಅಂಚಿನ ಹಾಗೆ,
ನಡುನಡುವೆ ಒಂದೊಂದು ಮುಳ್ಳು.
"ಇದು ಉಪ್ಪು" ಅಂದಳು.
ಅಡುಗೆಮನೆಯದೇ. ಮುಪ್ಪಾದ ನಕ್ಷತ್ರದ ಉಸಿರಿನಲ್ಲಿ.
"ಇದು ಅಲ್ಯೂಮಿನಿಯಂ, ಆಕ್ಸಿಜನ್ನಿನ ಕೈ ಹಿಡಿದದ್ದು."

ಮುದಿ ನಕ್ಷತ್ರ ಉಬ್ಬುತ್ತದಂತೆ, ಏದುತ್ತದಂತೆ,
ಮೈಯನ್ನು ಪದರ ಪದರವಾಗಿ ಗಾಳಿಗೆ ಬಿಡುತ್ತದಂತೆ.
ಆ ಗಾಳಿ ಆರಿದಲ್ಲಿ ಅಣುಗಳು ಜೋಡಿಯಾಗಿ
ಗಿರಗಿರ ತಿರುಗುತ್ತವೆ.
ಒಂದೊಂದರದು ಒಂದೊಂದು ಲಯ; ಲಯವೇ ಗುರುತು.

ಅಷ್ಟು ಹೇಳಿದ್ದೇ ತಡ
ಅಣ್ಣ ಹೊನ್ನೂರನ ಬುಗುರಿ ಕೇಳಿಸಿತು ನನಗೆ.
ಅವನದಕ್ಕೆ ಲಾರಿ ಬಾಡಿಯ ಮೊಳೆ,
ಪಕ್ಕದ ಮನೆ ಜಡೆಪ್ಪನದಕ್ಕೆ ಎತ್ತಿನ ಲಾಳದ್ದು.
ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ, ಬೆನ್ನು ಮಾಡಿ ಕೂತೇ
ಹೇಳುತ್ತಿದ್ದೆ, ಯಾವುದು ಯಾರದೆಂದು.
ಭಾರದ ಮೊಳೆ ಗುಂ ಅನ್ನುತ್ತದೆ,
ಸಣ್ಣದು ಸುಂಯ್.
ಬುಗುರಿ ಕಾಣುತ್ತಿರಲಿಲ್ಲ. ಮೊಳೆ ಗೊತ್ತಾಗುತ್ತಿತ್ತು.

ಕೈ ಎತ್ತಿದೆ: ಕಬ್ಬಿಣ?
ಹುಡುಗರು ನಕ್ಕರು, ಸಂಡೂರಿನವಳು ಮತ್ತೇನು ಕೇಳಿಯಾಳು ಎಂದು.
ಸುಂಕ್ಲಮ್ಮ ನಗಲಿಲ್ಲ.
"ಅದೊಂದು ಸಿಗವಲ್ದು ಅಕ್ಕಾ. ನಾಕು ವರ್ಷಾತು ಹುಡುಕಾಕ ಹತ್ತಿ.
ಬೇಕಾದಷ್ಟು ಐತಿ ಅಂತೈತಿ ಲೆಕ್ಕ, ಗೆರ್ಯಾಗ ಕಾಣಂಗಿಲ್ಲ.
ಒಂದು ಸಣ್ಣ ಮುಳ್ಳೈತಿ, ಗದ್ದಲದಾಗ ಮುಳುಗೇತಿ,
ಹೌದು ಅನ್ನಾಕ ಧೈರ್ಯ ಸಾಲದು.
ಧೂಳಿನೊಳಗ ಹೊಕ್ಕು ಕುಂತಿರಬೇಕು.
ಧೂಳಾದ ಮ್ಯಾಗ ತಿರುಗಂಗಿಲ್ಲ."

ಧೂಳು.
ನನ್ನ ಬೈತಲೆಯಲ್ಲಿ, ಟಿಫಿನ್ ಡಬ್ಬಿಯ ಕಂಠದಲ್ಲಿ,
ಮೂರು ನೀರಿಗೂ ಬಿಡದ ಬಿಳಿ ಕೋಟಿನ ಮಡಿಕೆಯಲ್ಲಿ.
ಇಲ್ಲಿ ಹುಡುಕುವುದೇ ಬೇಡ, ಕಣ್ಣುಜ್ಜಿದರೆ ಸಾಕು.
ಆದರೂ ಹೋದ ವಾರ ಆಶಾ ಕಾರ್ಯಕರ್ತೆ ರುದ್ರವ್ವ
ನನ್ನ ಬೆರಳು ಚುಚ್ಚಿ, ಎಂಟು ಪಾಯಿಂಟ್ ಒಂದು ಎಂದು ಬರೆದು
ಕಬ್ಬಿಣದ ಮಾತ್ರೆ ಕೊಟ್ಟು ಹೋದಳು.
ಆ ಅಂಕಿಗೆ ಯಾರ ಫೋನೂ ಬರಲಿಲ್ಲ.

ಮತ್ತೆ ಕೈ ಎತ್ತಿದೆ.
ನಮ್ಮಲ್ಲಿ ಅಡಗಿದ ಕಬ್ಬಿಣಕ್ಕೆ ಆಸಿಡ್ ಹಾಕಿ ಕಾಯಿಸ್ತೀವಮ್ಮ.
ಧೂಳು ಒಡೆಯೋ ಜಾಗ ಅಲ್ಲಿಲ್ಲವಾ?
ಅವಳು ಸುಮ್ಮನಾದಳು. ಸೀಮೆಸುಣ್ಣ ಕೆಳಗಿಟ್ಟಳು.
"ಐತಿ. ಏದುಸಿರಿಗೊಮ್ಮೆ ಹೊಡ್ತ ಏಳತೈತಿ ಅಲ್ಲಿ.
ಅಲ್ಲೇ ನೋಡಬೇಕು."
ಅಂಗೈ ಮೇಲೆ ಏನೋ ಬರೆದುಕೊಂಡಳು, ಪೆನ್ನಿನಲ್ಲಿ.

ಈ ರಾತ್ರಿ ಮೂರನೇ ಪಾಳಿ.
ಜರಡಿ ಯಂತ್ರ ನಿಲ್ಲಿಸಿ, ಮಾತ್ರೆ ನುಂಗಿದೆ,
ಬಾಯಿ ತುಂಬ ತುಕ್ಕು.
ಮುಂದಿನ ಲಾರಿಗೆ ಇನ್ನೂ ಇಪ್ಪತ್ತು ನಿಮಿಷ.
ಹೊಸ್ತಿಲಲ್ಲಿ ಸ್ಟೂಲು ಹಾಕಿಕೊಂಡು
ಆಕಾಶಕ್ಕೆ ಬೆನ್ನು ಮಾಡಿ ಕೂತೆ,
ಹಿತ್ತಲಲ್ಲಿ ಕೂರುತ್ತಿದ್ದ ಹಾಗೆ.