ಹದಿನಾಲ್ಕನೇ ಮಂಚ

ಲಗ್ಗೆರೆಯಲ್ಲಿ ಕರೆಂಟು ಹೋಗಿ, ಬಂದು, ಮತ್ತೆ ಹೋಯಿತು.
ಆಯ್ಕೆಪಟ್ಟಿಗೆ ಬೀಗ ಬೀಳುವುದು
ರಾತ್ರಿ ಹನ್ನೊಂದೂ ಐವತ್ತೊಂಬತ್ತಕ್ಕೆ.
ಲ್ಯಾಪ್‌ಟಾಪಿನ ಬ್ಯಾಟರಿ ಮೂವತ್ತೊಂದು.
ನನ್ನ ರ‍್ಯಾಂಕಿಗೆ ಉಳಿದಿರುವುದು ಎರಡೇ ಬಾಗಿಲು,
ಎರಡೂ ಜನರಲ್ ಮೆಡಿಸಿನ್, ಎರಡೂ ಮೂರು ವರ್ಷ.

ಮುಚ್ಚಿದ ಗಿರಣಿಯ ಬೀದಿಯಲ್ಲಿ ಹಳೇ ಧರ್ಮಾಸ್ಪತ್ರೆ.
ಮಂಚಕ್ಕೆ ಇಬ್ಬರು, ನೆಲಕ್ಕೊಬ್ಬರು,
ಚೀಟಿಯ ಸಾಲು ಬಳೆ ಅಂಗಡಿಯವರೆಗೆ.
ಕಳೆದ ವರ್ಷ ಇಬ್ಬರು ಪ್ರೊಫೆಸರು ಬಿಟ್ಟು ಹೋದರು,
ಆಯೋಗದ ನೋಟಿಸು ಬಂದಿದೆ:
ಕೊರತೆ ತುಂಬದಿದ್ದರೆ ಮಾನ್ಯತೆ ಮುಂದುವರಿಯದು.
"ಕೈ ಪಳಗುತ್ತೆ ಕಣೇ, ಕಾಗದ ಆಮೇಲೆ ಬರುತ್ತೆ,"
ಅನ್ನುತ್ತಾಳೆ ಅಲ್ಲೇ ಎರಡನೇ ವರ್ಷದ ಅಫ್ಶೀನ್.
ಹಾಗನ್ನುವಾಗ ಉಗುರು ಕಚ್ಚುವುದು
ಫೋನಿನಲ್ಲೂ ಕೇಳಿಸುತ್ತದೆ.

ಬಾರದಿದ್ದರೆ?
ಸಾವಿರ ಎದೆಗಳ ಸದ್ದು ಕಿವಿಯಲ್ಲಿಟ್ಟುಕೊಂಡು
ಹೆಸರಿನ ಪಕ್ಕ ಎರಡಕ್ಷರ ಬರೆಯಲಾಗದೆ
ಮತ್ತೆ ಇದೇ ಕುರ್ಚಿ, ಇದೇ ಪಟ್ಟಿ.

ಇನ್ನೊಂದು, ಟೋಲ್ ದಾಟಿದ ಮೇಲೆ, ಗಾಜಿನ ಕಟ್ಟಡ.
ಕಾಗದವೆಲ್ಲ ಸರಿ. ಮೊಹರಿನ ಮಸಿ ಇನ್ನೂ ಹಸಿ.

ಅಲ್ಲಿಗೆ ನನಗಿಂತ ಮೊದಲು ಹೋಗಿ ಬಂದವಳು ಅಮ್ಮ.

ನನಗೆ ಗೊತ್ತಿರಲಿಲ್ಲ. ಈಗ ಹೇಳುತ್ತಿದ್ದಾಳೆ,
ಮೇಣದಬತ್ತಿಯೆದುರು ಕೂತು ಅವರೆ ಹಿತುಕುತ್ತ.
ನಾನಾಗ ಬಳ್ಳಾರಿಯಲ್ಲಿ ಓದುತ್ತಿದ್ದೆ,
ಅವಳು ಪೀಣ್ಯದಲ್ಲಿ ಕಾಲರ್ ಹೊಲಿಯುತ್ತಿದ್ದಳು.
ಆರ್ಡರ್ ಇಲ್ಲದ ಒಂದು ವಾರ, ಬುಧವಾರ ಬೆಳಿಗ್ಗೆ,
ಗಂಗಹನುಮಯ್ಯನ ವ್ಯಾನು ಗೇಟಿಗೆ ಬಂತು:
ಮಲಗೋ ಕೆಲಸ, ಮುನ್ನೂರು ರೂಪಾಯಿ, ಮಧ್ಯಾಹ್ನ ಚಿತ್ರಾನ್ನ.
ಹದಿನೆಂಟು ಹೆಂಗಸರು ನಗ್ತಾ ನಗ್ತಾ ಹತ್ತಿದರು.

"ಹದಿನಾಲ್ಕನೇ ಮಂಚ ನಂದು. ಹೊಸಾ ಬೆಡ್‌ಶೀಟು,
ಅಂಗಡಿ ಮಡಿಕೆ ಇನ್ನೂ ಬಿಟ್ಟಿರಲಿಲ್ಲ.
ತಲೆದೆಸೆಗೆ ಚೀಟಿ ನೇತಾಕಿದ್ರು, ನೂರಾ ಎರಡು ಜ್ವರ ಅಂತ.
ದೇವೀರಮ್ಮಂಗೆ ಸಕ್ಕರೆ ಕಾಯ್ಲೆ,
ಅವಳೇನೋ ಖುಷಿಯಾಗಿ ಲಾಡು ತಿಂತಾ ಇದ್ಲು.
ಮೂರು ಜನ ಬಂದ್ರು, ಮಂಚ ಎಣಿಸಿದ್ರು, ಹೋದ್ರು.
ನಮ್ ಫ್ಯಾಕ್ಟರೀಲಿ ಬಯ್ಯರ್ ಬರೋ ದಿನ
ಕಕ್ಕಸಿಗೆ ಸೋಪು ಬರಲ್ವಾ, ಹಂಗೇ."

ಗಾಜಿನ ಕಟ್ಟಡವನ್ನು ಹಿಡಿದು ಪಟ್ಟಿಯ ಕೆಳಕ್ಕೆ ಎಳೆದೆ.

"ಇರು, ಪೂರ್ತಿ ಕೇಳು," ಅಂದಳು.
"ವ್ಯಾನಿಗೆ ಕಾಯ್ತಾ ಹಂಗೇ ಬಿದ್ಕೊಂಡಿದ್ವಿ.
ಬಿಳಿ ಕೋಟಿನ ಒಂದು ಹುಡುಗಿ, ನಿನ್ನಷ್ಟೇ ವಯಸ್ಸು,
ಯಾರೂ ಹೇಳಿರಲಿಲ್ಲ, ಬಂದು ನನ್ನ ಮಣಿಕಟ್ಟು ಹಿಡಿದ್ಲು.
ಗಡಿಯಾರ ನೋಡ್ತಾ ಒಂದು ನಿಮಿಷ ನಿಂತ್ಲು.
ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದ್ಲು.
ಜ್ವರ ಇಲ್ಲಮ್ಮ, ರಕ್ತ ಕಮ್ಮಿ ಇದೆ ಅಂದ್ಲು.
ಅವತ್ತು ಅಲ್ಲಿ ಅದೊಂದೇ ನಾಟಕ ಅಲ್ಲ."

ಆ ಕೆಂಪು ಮಾತ್ರೆಗಳನ್ನು ನಾನು ಕಂಡಿದ್ದೆ,
ಫ್ಯಾಕ್ಟರಿಯ ನರ್ಸು ಕೊಟ್ಟದ್ದು ಅಂದುಕೊಂಡಿದ್ದೆ.

ಬಾಡಿಗೆಯ ಮೈಯ ಮೇಲೂ ಕೈಯಿಡುವಷ್ಟು
ಆ ಹುಡುಗಿಗೆ ರೋಗಿಯ ಹಸಿವಿತ್ತೇ?
ಇರಬಹುದು. ಆದರೆ ರೆಪ್ಪೆ ಎಳೆದು ನೋಡುವುದನ್ನು
ಯಾರೋ ಅವಳಿಗೆ ಕಲಿಸಿದ್ದರಲ್ಲ.
ಆ ಯಾರೋ ಇನ್ನೂ ಅಲ್ಲಿದ್ದಾರೆಯೇ,
ಇಲ್ಲ, ಬೇಸತ್ತು ಬಿಟ್ಟು ಹೋದರೇ?
ಆಯೋಗದ ಯಾವ ಆದೇಶದಲ್ಲೂ ಅದರ ಸುದ್ದಿಯಿಲ್ಲ.

ಹನ್ನೊಂದೂ ನಲವತ್ತು. ಬ್ಯಾಟರಿ ಒಂಬತ್ತು.
ಧರ್ಮಾಸ್ಪತ್ರೆ ಮೇಲೆ, ಗಾಜು ಕೆಳಗೆ.
ಖಚಿತವೇ ಎಂದು ಕೇಳುತ್ತದೆ ಪರದೆ.
ಅಫ್ಶೀನಳ ಉಗುರು ನೆನಪಾಗುತ್ತದೆ.

ಎದ್ದು ಹೋಗಿ, ಫೋನಿನ ಟಾರ್ಚು ಹಾಕಿ,
ಅಮ್ಮನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ.
ಬಿಳಿಚಿಕೊಂಡಿದೆ, ಅವಳ ಬೆರಳ ತುದಿಯ ಬೇಳೆಯಂತೆ.

"ಮಾತ್ರೆ ಯಾವಾಗ ನಿಲ್ಲಿಸಿದೆ?"

"ಮೊದ್ಲು ಅದನ್ನ ಒತ್ತು ಹೋಗು,
ಟೈಮಾಗುತ್ತೆ."