ಎಂಟು ಸೆಕೆಂಡು

ಕಾಸರಗೋಡಿನ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ
ಬೇಕರಿಯ ಮೇಲಿನ ಮಹಡಿ; ಮೆಟ್ಟಿಲಿಗೂ ಬನ್ನಿನ ವಾಸನೆ.
ಜಪಾನಿನವರಿಗೆ ಇಂಗ್ಲಿಷು ಕಲಿಸುವ ನಾವು ಹದಿನಾಲ್ಕು ಮಂದಿ
ಪರದೆಯಲ್ಲಷ್ಟೇ ಕಂಡಿದ್ದವರು, ಇವತ್ತು ಕಾಲುಗಳ ಸಹಿತ.
ಉಪ್ಪಳದ ಖದೀಜತ್ ಕುಬ್ರ, ಬೇಳದ ಲವೀನಾ ಕ್ರಾಸ್ತ,
ನೀಲೇಶ್ವರದ ಶ್ರೀಜಿತ್, ಮುಳ್ಳೇರಿಯದಿಂದ ನಾನು.
ಎಲ್ಲರ ಕಣ್ಣ ಕೆಳಗೂ ಒಂದೇ ಬಗೆಯ ಕಪ್ಪು:
ಅಲ್ಲಿ ಎಂಟು ಹೊಡೆದರೆ ಇಲ್ಲಿ ನಾಲ್ಕೂವರೆ.

ಕಲ್ಲಿಕೋಟೆಯಿಂದ ಬಂದ ತರಬೇತಿಯ ಮೇಡಂ ತೋರಿಸಿದ ಮೊದಲ ಚಿತ್ರ
ಅನ್ನವೆನ್ನಲು ಹೋಗಿ ಹೇನು ಅಂದವನದು.
ಶ್ರೀಜಿತ್ ಮೇಜು ತಟ್ಟಿ ನಕ್ಕ.
"ರ, ಲ ಅವರಿಗೆ ಒಂದೇ. ಕಿವಿಗೆ ಬೀಳದ್ದು
ನಾಲಿಗೆಯಲ್ಲಿ ಏಳುವುದು ಹೇಗೆ?
ಬಸ್ ಅನ್ನುವುದಿಲ್ಲ, ಬಸು. ಬಿಯರ್ ಅಲ್ಲ, ಬೀರು.
ಬಾಲಕ್ಕೊಂದು ಉಕಾರ ಅಂಟಿಸದೆ ಸಮಾಧಾನವಿಲ್ಲ."
ನಾನು ಮೆಲ್ಲ ನನ್ನ ಬುಕ್ಕು, ಪೆನ್ನು, ಬ್ಯಾಗು ನೋಡಿಕೊಂಡೆ.

ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಕಣ್ಣೂರಿನ ಒಂದು ಸಂದರ್ಶನಕ್ಕೆ
ಒಬ್ಬಳೇ ಹೋಗಿ, ಆಟೋದವರಲ್ಲಿ ದಾರಿ ಕೇಳಿದ್ದೆ,
ಅವರ ಭಾಷೆಯಲ್ಲೇ, ಬಾಯಿಪಾಠ ಮಾಡಿಕೊಂಡು.
ವೞಿ ಅನ್ನಬೇಕಿತ್ತು. ವಳಿ ಅಂದೆ.
ನಾಲಿಗೆ ಅಂಗುಳ ಮುಟ್ಟಬಾರದಿತ್ತು, ಮುಟ್ಟಿತು; ಅಷ್ಟೇ.
ದಾರಿ ಕೇಳಿದವಳು ಹೂಸು ಕೇಳಿದ ಹಾಗಾಯಿತು.
ಏಳು ಆಟೋಗಳು ನಕ್ಕವು. ಎಂಟನೆಯದು ದಾರಿ ತೋರಿಸಿತು,
ನಕ್ಕು ಮುಗಿಸಿದ ಮೇಲೆ.

ನಮಗೂ ಇತ್ತಂತೆ ಆ ಅಕ್ಷರ; ಕಲ್ಲಿನ ಮೇಲೆ ಈಗಲೂ ಇದೆ.
ದಾರಿಗೆ ಬೞಿ ಅನ್ನುತ್ತಿದ್ದೆವಂತೆ.
ಯಾವ ಶತಮಾನದ ಯಾವ ಸಂತೆಯಲ್ಲಿ ಜಾರಿ ಬಿತ್ತೋ,
ಬಿದ್ದ ಸದ್ದು ಕೂಡ ಕೇಳಲಿಲ್ಲ ನಮಗೆ.

ಪೊಟ್ಟಣದ ಬಿರಿಯಾನಿಯ ಬಳಿಕ ಮೌನದ ಪಾಠ.
"ಪ್ರಶ್ನೆ ಕೇಳಿ, ಸುಮ್ಮನಿರಿ. ಎಂಟು ಸೆಕೆಂಡು.
ಅವರ ಕ್ರಿಯಾಪದ ಇರುವುದು ವಾಕ್ಯದ ಕೊನೆಗೆ,
ಅಲ್ಲಿಂದ ಎಬ್ಬಿಸಿ ನಡುವೆ ತಂದು ಕೂರಿಸಬೇಕು ಪಾಪ."
ಲವೀನಾ ಟೀಚರು, ನಾನು ಜಪಾನಿ. ಮೊಬೈಲಿನಲ್ಲಿ ಗಡಿಯಾರ.
ಒಂದು. ಎರಡು.
ಎಂಟನೇ ಕ್ಲಾಸಿನ ಕನ್ನಡ ಡಿವಿಜನಿಗೆ ಲೆಕ್ಕಕ್ಕೆ ಬಂದವರು
ಕನ್ನಡದ ಒಂದಕ್ಷರ ಬಾರದ ಮಾಷ್ಟ್ರು.
ಕೇಳಿದರು. ಮೂವತ್ತೊಂದು ಮಂದಿ ಡೆಸ್ಕು ನೋಡಿದೆವು.
ಉತ್ತರ ಗೊತ್ತಿತ್ತು, ಇಪ್ಪತ್ತೇಳು. ಆದರೆ
ಯಾವ ಭಾಷೆಯ ಇಪ್ಪತ್ತೇಳು?
ಮೂರೆಣಿಸುವಷ್ಟರಲ್ಲಿ ಅವರು ಬೋರ್ಡಿಗೆ ತಿರುಗಿ
ತಾವೇ ಬರೆದುಬಿಟ್ಟರು. ವರ್ಷವಿಡೀ ಹಾಗೇ.
ಏಳು. ಎಂಟು. "ಎಂತ ಮಾರಾಯ್ತಿ, ಉತ್ತರ ಹೇಳು."
ಇಪ್ಪತ್ತೇಳು, ಅಂದೆ.
ಅವಳು ಕೇಳಿದ್ದು ನನಗಿಷ್ಟದ ಹಣ್ಣು ಯಾವುದೆಂದು.

ಮರುದಿನ ನಾಲ್ಕೂವರೆ. ಅಕಿತಾ ಕಡೆಯ ಮೊರಿಶಿಗೆ ಸಾನ್,
ಮೂವತ್ತು ಚಳಿಗಾಲ ರಸ್ತೆಯ ಹಿಮ ಗೋರುವ ಲಾರಿ ನಡೆಸಿ ನಿವೃತ್ತರು.
"ರೂಪಕರಾ ಸೆನ್ಸೇ," ಬಾಗಿದರು. ನನ್ನ ಹೆಸರು ರೂಪಕಲಾ.
ಹೊರಗೆ ಹೇಗಿದೆ, ಕೇಳಿದೆ. ಎಣಿಸಿದೆ.
ಐದರಲ್ಲಿ ಪಕ್ಕದ ಮನೆಯ ಹುಂಜ ಕೂಗಿತು.
ಏಳರಲ್ಲಿ ಅವರ ತುಟಿ ಅಲುಗಿತು: "ಸ್ನೋ. ನೋ ಲೋಡು."
ತಿದ್ದಲು ತೆರೆದ ಬಾಯಿ ಹಾಗೇ ಮುಚ್ಚಿದೆ.
ಬದಲಿಗೆ ಕಣ್ಣೂರಿನ ಕತೆ ಹೇಳಿದೆ, ಹೂಸನ್ನೂ ಬಿಡದೆ.
ಹೇಳಿ ನೋಡಿ, ವೞಿ, ಎಂದೆ. ಎಂದದ್ದು ವಳಿಯೇ ಇರಬೇಕು.
ಅವರು ಬೆನ್ನು ನೆಟ್ಟಗೆ ಮಾಡಿ, ಗಂಟಲು ಸರಿಮಾಡಿ,
"ಬರಿ," ಅಂದರು.
ವಕಾರ ಹೋಗಿ ಬಕಾರ. ನಮ್ಮ ಮುತ್ತಜ್ಜರೂ ಹೀಗೇ ಅಂದವರು;
ಕಲ್ಲಿನ ಆ ಮಾತಿಗೆ ನನಗಿಂತ ಅವರೇ ಒಂದು ಹೆಜ್ಜೆ ಹತ್ತಿರ.

ನಗು ನಿಲ್ಲಿಸಲಾಗದೆ ಎದ್ದರು, ಕ್ಯಾಮೆರಾ ಕಿಟಕಿಗೆ ತಿರುಗಿಸಿದರು:
ಬೆಳ್ಳಗೆ, ಎಲ್ಲೂ ದಾರಿಯಿಲ್ಲ.
ದೂರದಲ್ಲಿ ಹಳದಿ ದೀಪವೊಂದು
ಗೋರುತ್ತ, ನಿಂತು, ಗೋರುತ್ತ ಬರುತ್ತಿತ್ತು.