ಚುಕ್ಕಾಣಿಯವಳ ಮುಖ

ಹದಿಮೂರು ಜನ ನನ್ನನ್ನೇ ನೋಡುತ್ತಾರೆ.
ಹುಟ್ಟು ಹಾಕುವವರಿಗೆ ಬೆನ್ನ ಹಿಂದಿರುವುದೇ ಮುಂದಿನದು;
ಅವರ ಕಣ್ಣಿಗೆ ಬೀಳುವುದು ಬಿಟ್ಟು ಬಂದ ನೀರು
ಮತ್ತು ದೋಣಿಯ ಹಿಂತುದಿಯಲ್ಲಿ
ಉದ್ದನೆಯ ಹುಟ್ಟು ಹಿಡಿದು ನಿಂತ ನಾನು.
ಅಲೆ ಎಷ್ಟೆತ್ತರ, ದಡ ಎಷ್ಟು ದೂರ,
ಎಲ್ಲವನ್ನೂ ನನ್ನ ಮುಖದಲ್ಲೇ ಓದಿಕೊಳ್ಳಬೇಕು, ಪಾಪ.

ಅಜ್ಜಿ ಗರ್ಬಿನ್ಯೆ ಪಸಾಯಾ ಬಂದರಿನಲ್ಲಿ
ಜನರನ್ನು ದಾಟಿಸುತ್ತಿದ್ದಳು,
ತಲೆಗೆ ಎರಡು ಕಾಸು, ಕೋಳಿಬುಟ್ಟಿಗೆ ಒಂದು,
ಪಾದ್ರಿಗೆ ಪುಕ್ಕಟೆ.
ಒಮ್ಮೆಯೂ ತಿರುಗಿ ನೋಡಿದವಳಲ್ಲವಂತೆ.
“ಎದುರು ಕೂತವರ ಕಣ್ಣು ಸಾಕು ಕಣೇ.
ಬಂಡೆ ಹತ್ತಿರ ಬಂತೋ, ಗುಮಾಸ್ತನ ಕೈ ಟೋಪಿಗೆ ಹೋಗುತ್ತೆ.
ಹಡಗು ಬಂತೋ, ಮೀನಿನವಳು ಮಾತು ನಿಲ್ಲಿಸ್ತಾಳೆ.
ಏನೂ ಇಲ್ಲದಿದ್ದರೆ
ಎಲ್ಲರೂ ನನ್ನ ತೋಳು ನೋಡ್ತಾರೆ.”
ಮೋಟಾರು ದೋಣಿ ಬಂದ ವರ್ಷ ಅವಳ ದೋಣಿಗೆ ಮಣ್ಣು ತುಂಬಿ
ಟೊಮೆಟೊ ಹಾಕಿದರು.
ಚೆನ್ನಾಗಿಯೇ ಬಂದವು.

ಸೆಪ್ಟೆಂಬರಿನ ಭಾನುವಾರ. ನಾಲ್ಕು ದೋಣಿ, ನಾಲ್ಕು ತೇಲುಬುರುಡೆ.
ಅಷ್ಟು ದೂರ ಹೋಗಿ, ಸುತ್ತು ಹಾಕಿ,
ಹೊರಟಲ್ಲಿಗೇ ಬರಬೇಕು;
ಹೇಳಿದರೆ ಯಾರಿಗೂ ದೊಡ್ಡದಲ್ಲ.
ತಿರುವಿನಲ್ಲಿ ಒಂದು ಅಲೆಗೆ ಹೆದರಿದೆ.
ಎರಡು ಮಾರು ಅಗಲ ಹೋದೆ.
ಆ ಎರಡು ಮಾರು ಬಳಸಿ ಬರುವಷ್ಟರಲ್ಲಿ
ಪಕ್ಕದ ಸಾಲಿನ ಹಳದಿ ದೋಣಿ
ಬಾಲ ತೋರಿಸಿಕೊಂಡು ಹೊರಟೇಹೋಗಿತ್ತು.

ಯಾರಿಗೂ ಹೇಳಲಿಲ್ಲ.
ಮುಖವನ್ನು ಅಜ್ಜಿಯ ಪ್ರಯಾಣಿಕರಂತೆ ಬಿಡದೆ
ಒಗೆದು ಇಸ್ತ್ರಿ ಹಾಕಿದ ಬಟ್ಟೆಯಂತೆ ಹಿಡಿದೆ.
“ಇನ್ನೇನು ಬಂತು! ನಾವೇ! ನಾವೇ!”
ಗಾಳಿಗೆ ಬಾಯಿ ಉಪ್ಪಾಯಿತು.
ಮದ್ದಲೆನ್ ಅಂಗೈಗೆ ಸುತ್ತಿದ ಬಟ್ಟೆ ಕೆಂಪಗೆ,
ಉಚುವೆಯ ಉಸಿರು ಕಮ್ಮಾರನ ತಿದಿ,
ಹದಿಮೂರು ಹುಟ್ಟು ನೀರಿಗಿಳಿದ ಸದ್ದು
ಒಂದೇ,
ಬಾಗಿಲು ಹಾಕಿಕೊಂಡ ಹಾಗೆ.
ದೋಣಿ ನನ್ನ ಕಾಲಡಿಯಿಂದ ಜಾರಿ ಓಡುತ್ತಿತ್ತು.
ಅಷ್ಟು ವೇಗ ನಾವು ಎಂದೂ ಹೋದವರಲ್ಲ.

ಅರ್ಧ ದೋಣಿಯಷ್ಟರಲ್ಲಿ ಸೋತೆವು.

ಸಂಜೆ ಇಳಿಜಾರಿನಲ್ಲಿ ದೋಣಿಯನ್ನು ಮಗುಚಿ ಹೆಗಲಿಗೇರಿಸಿದಾಗ
ಒಳಗುಳಿದ ನೀರು ಎಲ್ಲರ ತಲೆಗೂ ಸುರಿಯಿತು.
ಆ ಕತ್ತಲೆಯೊಳಗೇ ಹೇಳಿದೆ: ಸುಳ್ಳು ಹೇಳಿದ್ದೆ, ಕ್ಷಮಿಸಿ.
ಮುಂದಿನ ಹೆಗಲು ಎನೆರಿಟ್ಸ್‌ಳದು. ನಕ್ಕಳು.
“ನಮ್ಮ ಕಣ್ಣೆದುರು ಹಿಂದುಳಿದದ್ದು ಎರಡೇ ದೋಣಿ.
ಎಣಿಸೋಕೆ ಬರಲ್ವಾ ನಮಗೆ?”

ಮತ್ತೆ ಯಾಕೆ ಹಾಗೆ ಎಳೆದಿರಿ?

“ನೀನು ಅಷ್ಟೊಂದು ಕಷ್ಟಪಟ್ಟು ನಗ್ತಾ ಇದ್ದೆ,”
ಅಂದಳು, “ಪಾಪ ಅನ್ನಿಸ್ತು.
ಬಲಕ್ಕೆ ತಿರುಗು, ಮೆಟ್ಟಿಲಿದೆ.”